ಬಳಸುವ ಮುನ್ನ ಅಲುಗಾಡಿಸಿ

ಭಾನುವಾರ, ಅಂಗಡಿಗೆ ರಜೆ

ನನ್ನ ಗುಬ್ಬಿಗೆ, ಅಮ್ಮನಿಂದ ಒಂದು ಮುತ್ತು, ಒಂದು ಗುದ್ದು.

ನಿನ್ನ ಕಾಗದ ಕೈಸೇರಿತು. ಸಾಲಿಗೊಂದು ಕೊಲೆಸ್ಟರಾಲು, ಪುಟಕ್ಕೊಂದು ಅಳು. ಅಮ್ಮಾ ಎಣ್ಣೆ ಬಿಡು, ಅಮ್ಮಾ ಬೆಣ್ಣೆ ಬಿಡು, ಅಮ್ಮಾ ಮೆಟ್ಟಿಲು ಹತ್ತಬೇಡ. ಓದುತ್ತ ಓದುತ್ತ ಗಟ್ಟಿಮುಟ್ಟಾಗಿದ್ದ ನನಗೇ ಎದೆ ಹಿಡಿದ ಹಾಗಾಯಿತು. ಅಪ್ಪ ಫೋನಿನಲ್ಲಿ ಹೇಳಿದ್ದನ್ನು ನೀನು ನಂಬಿದೆ, ಅದು ನಿನ್ನ ತಪ್ಪಲ್ಲ. ಅವರು ನನ್ನನ್ನು ನಂಬಿದರು, ಅದು ಅವರ ತಪ್ಪಲ್ಲ. ಈಗ ನಿಜ ಕೇಳು. ನನ್ನ ರಕ್ತಕ್ಕೆ ಏನೂ ಆಗಿಲ್ಲ. ಮೊಟ್ಟೆಯ ಹಳದಿ ಮುಟ್ಟಬೇಡಿ ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ. ಅದು ನಾನೇ ಕೂತು ಯೋಚಿಸಿ, ಅಂಚು ಮಡಚಿ, ಇಸ್ತ್ರಿ ಹಾಕಿ ಸಿದ್ಧಪಡಿಸಿದ ಸುಳ್ಳು.

ಇದನ್ನು ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆ ನಿನಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಸೀನಿದರೆ ಹಾಸಿಗೆಯಲ್ಲಿದ್ದವರು ಚಿರಾಯು ಎನ್ನುವಷ್ಟು ಅಗಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಪ್ಪ ಆಗಲೇ ಬಂದು, ಏನು ಇಷ್ಟುದ್ದ ಬರೀತಿದ್ದೀಯ ಎಂದು ಇಣುಕಿದರು. ಉಣ್ಣೆ ಬಟ್ಟೆ ಒಗೆಯುವ ಕ್ರಮ ಮಗಳು ಕೇಳಿದ್ದಾಳೆ, ಅದನ್ನು ಬರೆಯುತ್ತಿದ್ದೇನೆ ಎಂದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಲ್ಲ. ಓದಿ ಹೊಟ್ಟೆಯಲ್ಲಿ ಹಾಕಿಕೋ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದಾಗ ಬಲಗೈಯಲ್ಲೊಂದು ಎಡಗೈಯಲ್ಲೊಂದು ಮೊಟ್ಟೆ ಹಿಡಿದು, ಎರಡನ್ನೂ ಒಟ್ಟಿಗೆ ಪ್ಯಾನಿನ ಅಂಚಿಗೆ ತಟ್ಟಿ ಒಡೆಯುತ್ತಿದ್ದರು. ಚಿಪ್ಪು ಹಿಂದಿನ ಬುಟ್ಟಿಗೆ, ಮೊಟ್ಟೆ ಮುಂದಿನ ಬೆಂಕಿಗೆ. ಪಾಳಿ ಮುಗಿಸಿ ಬಂದವರು ಹಸಿವು ಮರೆತು ಆ ಕೈ ನೋಡುತ್ತ ನಿಲ್ಲುತ್ತಿದ್ದರು. ನಾನೂ ನೋಡುತ್ತ ನಿಂತವಳೇ. ನಿಂತದ್ದು ಸ್ವಲ್ಪ ಜಾಸ್ತಿಯಾಗಿ ಮದುವೆಯಾಯಿತು. ಆಗ ನಾನು ಊರವರ ಬಟ್ಟೆ ಇಸ್ತ್ರಿ ಹಾಕುತ್ತಿದ್ದೆ. ಇದ್ದಿಲು ಕೆಂಪಾಗುವಷ್ಟರಲ್ಲಿ ಬಿಸಿ ಆಮ್ಲೆಟ್ಟಿನ ತಟ್ಟೆ ಮುಂದೆ ಬಂದಿರುತ್ತಿತ್ತು. ಇವತ್ತು ನನ್ನ ಲಾಂಡ್ರಿಯಲ್ಲಿ ಮೂರು ಮೆಷಿನ್ನು ತಿರುಗುತ್ತವೆ, ಎರಡು ಹೋಟೆಲಿನವರು ಹಾಸಿಗೆ ಬಟ್ಟೆ ಕಳಿಸುತ್ತಾರೆ. ಜನ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾರೆ, ನಾನೂ ಅಲ್ಲ ಎನ್ನುವುದಿಲ್ಲ. ಆದರೆ ಬಂಡವಾಳ ಯಾರದು ಎಂದು ಕೇಳಿದರೆ ಆ ತಟ್ಟೆಯದು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಬೆಳಗಿನ ತಿಂಡಿ ಮಾಡಿದವಳೇ ಅಲ್ಲ.

ಹೋದ ಚಳಿಗಾಲದಲ್ಲಿ ಅವರ ಕೈ ನಡುಗಲು ಶುರುವಾಯಿತು. ನಿನಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತನ್ನೂ ಈಗ ಮುರಿದಾಯಿತು. ಗಾಬರಿಯಾಗಬೇಡ. ಡಾಕ್ಟರಿಗೆ ತೋರಿಸಿದ್ದೇವೆ. ನೀನು ಹೆದರುವ ಆ ದೊಡ್ಡ ಕಾಯಿಲೆ ಅಲ್ಲವಂತೆ, ಬರೀ ನಡುಕ. ಮಾತ್ರೆ ಅದನ್ನು ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಊಟ, ಓಡಾಟ, ನನ್ನ ಜೊತೆ ಜಗಳ ಎಲ್ಲ ಮೊದಲಿನ ಹಾಗೇ ಇದೆ. ಮೊಟ್ಟೆಯೊಂದು ಬಿಟ್ಟು.

ಮೊದಲು ಒಂದು ಕೈ ಬಿಟ್ಟರು, ಆಮೇಲೆ ಎರಡೂ ಕೈ ಸೇರಿಸಿ ಒಡೆದರು. ಆದರೂ ಚಿಪ್ಪಿನ ಚೂರು ಬೀಳುತ್ತಿತ್ತು. ನನ್ನ ಹಲ್ಲಿಗೆ ಕರಕ್ ಎಂದಾಗಲೆಲ್ಲ ಗುಟುಕು ಚಹಾ ಕುಡಿದು ನುಂಗಿಬಿಡುತ್ತಿದ್ದೆ. ಎಷ್ಟು ಸುಣ್ಣ ಒಳಗೆ ಹೋಯಿತೋ, ನನ್ನ ಮೂಳೆಗೆ ಇನ್ನು ಯಾವ ಮಾತ್ರೆಯೂ ಬೇಡ. ಆದರೆ ಕ್ಯಾಂಟೀನಿನವರ ಕಣ್ಣು ತಟ್ಟೆಯ ಮೇಲಿರುವುದಿಲ್ಲ, ತಿನ್ನುವವರ ಮುಖದ ಮೇಲಿರುತ್ತದೆ. ಒಂದು ದಿನ ನಾನು ನುಂಗುವುದನ್ನು ನೋಡಿಬಿಟ್ಟರು. ಮರುದಿನ ಏಳಲಿಲ್ಲ. ಒಲೆಯ ಮುಂದೆ ನಿಂತು ನಿಂತು ಸಾಕಾಗಿದೆ, ಇನ್ನು ಬ್ರೆಡ್ಡು ತಿಂದುಕೊಂಡು ಹೋಗು ಎಂದು ಗೋಡೆಯ ಕಡೆ ಹೊರಳಿದರು.

ಬ್ರೆಡ್ಡು ತಿಂದು ಸತ್ತವರಿಲ್ಲ. ತಿಂಡಿ ತಪ್ಪಿದ್ದು ನನಗೆ ದೊಡ್ಡದಾಗಲಿಲ್ಲ. ಆದರೆ ಮನುಷ್ಯರೇ ಕೈತಪ್ಪಿ ಹೋಗುತ್ತಿದ್ದರಲ್ಲ, ಅದು ದೊಡ್ಡದು. ಗಡ್ಡ ಬಿಟ್ಟರು. ಪ್ಯಾನುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ನಾನೇ ಒಡೆದು ಕೊಡುತ್ತೇನೆ, ನೀವು ಮಾಡಿ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದೆ. ಆ ದಿನ ಅವರು ನನ್ನನ್ನು ನೋಡಿದ ರೀತಿಗೆ, ಮತ್ತೆ ಆ ಮಾತು ಎತ್ತಲಿಲ್ಲ.

ದಾರಿ ತೋರಿಸಿದವರು ಜಿಮ್ ಮೇಷ್ಟ್ರು. ಪಕ್ಕದ ಬೀದಿಯಲ್ಲಿ ಜನರಿಗೆ ಭಾರ ಎತ್ತಿಸುತ್ತಾರೆ, ಬೆವರು ಒರೆಸಿದ ಟವೆಲ್ಲುಗಳನ್ನು ನನಗೆ ಕಳಿಸುತ್ತಾರೆ. ಒಂದು ದಿನ ಅವರ ಚೀಲದಿಂದ ಹಾಲಿನ ಡಬ್ಬಿಯಂಥದ್ದು ಇಣುಕುತ್ತಿತ್ತು. ಕೇಳಿದರೆ ಬರೀ ಮೊಟ್ಟೆಯ ಬಿಳಿಯಂತೆ. ಒಡೆಯಬೇಕಾಗಿಲ್ಲ, ಬೇರ್ಪಡಿಸಬೇಕಾಗಿಲ್ಲ, ಮುಚ್ಚಳ ತಿರುಗಿಸಿ ಸುರಿದರಾಯಿತು. ದೊಡ್ಡ ಚಮಚದಲ್ಲಿ ಎರಡು ಮೂರು ಹಾಕಿದರೆ ಒಂದು ಮೊಟ್ಟೆಯ ಬಿಳಿಗೆ ಸಮ. ಅವರು ಪ್ರೋಟೀನಿನ ಗುಣಗಾನ ಮಾಡುತ್ತಲೇ ಇದ್ದರು. ನನ್ನ ಕಿವಿಗೆ ಬಿದ್ದದ್ದು ಒಂದೇ ಪದ: ಸುರಿಯುವುದು.

ಲೆಕ್ಕಕ್ಕೆ ನೋಡಿದರೆ ಅದು ನಷ್ಟದ ವ್ಯಾಪಾರ, ಮೊಟ್ಟೆಯೇ ಅಗ್ಗ. ಆದರೂ ಒಂದು ಡಬ್ಬಿ ತಂದೆ. ನಿಮ್ಮ ಕೈಗಾಗಿ ತಂದೆ ಎಂದರೆ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ನನ್ನ ರಕ್ತದ ಮೇಲೆ ಅಪವಾದ ಹೊರಿಸಿದೆ. ಡಾಕ್ಟರು ಹಳದಿ ಬಿಡಿ ಎಂದಿದ್ದಾರೆ, ಇನ್ನು ನನ್ನ ಪಾಲಿಗೆ ಇದೇ ಗತಿ ಎಂದು ನಿಟ್ಟುಸಿರು ಬಿಟ್ಟೆ. ಅಪ್ಪ ಡಬ್ಬಿಯನ್ನು ತಿರುವಿ ಮುರುವಿ ನೋಡಿ, ಕೋಳಿಯ ಮುಖವನ್ನೇ ನೋಡದ ಮೊಟ್ಟೆ ಎಂದು ಪಕ್ಕಕ್ಕಿಟ್ಟರು.

ಮರುದಿನ ಒಲೆಯ ಮುಂದೆ ನಾನೇ ನಿಂತೆ. ಅಟ್ಟದಿಂದ ಪ್ಯಾನು ಇಳಿಸಿ, ಹೊಗೆಯಾಡುವ ತನಕ ಕಾಯಿಸಿ ಬಿಳಿ ಸುರಿದೆ. ಅದು ಚುಂಯ್ ಎಂದು ಎದ್ದು, ಗಂಜಿ ಹಾಕಿದ ಕಾಲರಿನ ಹಾಗೆ ಸೆಟೆದು ನಿಂತಿತು. ಸತ್ಯ ಹೇಳುತ್ತೇನೆ, ಅರ್ಧ ಬೇಕೆಂದೇ ಕೆಡಿಸಿದೆ, ಇನ್ನರ್ಧ ನನ್ನ ಸಹಜ ಪ್ರತಿಭೆ. ಎರಡನೆಯ ದಿನವೂ ಅದೇ. ಮೂರನೆಯ ದಿನ ಅಪ್ಪ ಎದ್ದು ಬಂದು ಗ್ಯಾಸು ಸಣ್ಣಗೆ ಮಾಡಿದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಕೈ ನಡುಗಿತು, ಧಾರೆಯೂ ನಡುಗಿತು, ಆದರೆ ಬಿದ್ದದ್ದು ಪ್ಯಾನಿಗೇ. ಒಂದು ಚಮಚ ಹಾಲು, ಹೆಚ್ಚಿದ ಈರುಳ್ಳಿ, ಕರಿಮೆಣಸು, ಮೇಲೊಂದು ಮುಚ್ಚಳ. ಬಿಳಿಗೆ ತನ್ನದೇ ಕೊಬ್ಬಿಲ್ಲ, ಅವಸರ ಮಾಡಿದರೆ ರಬ್ಬರಾಗುತ್ತದೆ ಎಂದು ಗೋಡೆಗೆ ಹೇಳಿದರು. ಗೋಡೆಯ ಪರವಾಗಿ ನಾನು ಹ್ಞೂಂ ಎಂದೆ.

ಆಮೇಲೆ ಕೇಳಬೇಡ. ಸೂಪು ಕುದಿಯುವಾಗ ತೆಳ್ಳಗೆ ಇಳಿಬಿಟ್ಟು ದಾರದ ಹಾಗೆ ತೇಲಿಸಿದರು. ರಾತ್ರಿ ಉಳಿದ ಅನ್ನ ಹುರಿಯುವಾಗ ಸುರಿದು ಕಲಸಿದರು. ಬ್ರೆಡ್ಡನ್ನು ಅದ್ದಿ ಸುಟ್ಟರು, ಓಟ್ಸಿನ ಗಂಜಿಗೆ ಕಡೆಯಲ್ಲಿ ಹಾಕಿ ತಿರುವಿ ನೊರೆನೊರೆ ಮಾಡಿದರು. ಡಬ್ಬಿ ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆದು ಫ್ರಿಜ್ಜಿನಲ್ಲಿಡುತ್ತಾರೆ. ಹೊರಗೆ ಮರೆತರೆ ನನಗೆ ಕ್ಯಾಂಟೀನಿನ ಬೈಗುಳ. ಗಡ್ಡ ಹೋಯಿತು.

ಒಂದು ದಿನ ಮಾತ್ರ ಮತ್ತೆ ಕತ್ತಲಾಗುವುದರಲ್ಲಿತ್ತು. ನನ್ನ ಹುಟ್ಟಿದಹಬ್ಬಕ್ಕೆ ಹಗುರವಾದ ಕೇಕು ಮಾಡುತ್ತೇನೆಂದು ಡಬ್ಬಿಯ ಬಿಳಿಯನ್ನು ಬೋಗುಣಿಗೆ ಸುರಿದು ಕಡೆಯಲು ಕೂತರು. ಹಿಂದೆ ಇವರು ಕಡೆದ ನೊರೆ, ಬೋಗುಣಿ ತಲೆಕೆಳಗೆ ಹಿಡಿದರೂ ಅಲುಗುತ್ತಿರಲಿಲ್ಲ. ಈಗ ಕಡೆದರು, ಕಡೆದರು, ನನ್ನ ಮೆಷಿನ್ನಿನಿಂದ ಆಚೆ ಬರುವ ಸೋಪಿನ ನೀರಿನಂತೆ ಅಲ್ಲೇ ಕೂತಿತ್ತು. ಕಡೆಗೋಲು ಕೆಳಗಿಟ್ಟು ತಮ್ಮ ಕೈಯನ್ನೇ ನೋಡಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರದು ಉಲ್ಟಾ, ನೆಲವೇ ಡೊಂಕಿದ್ದರೂ ತನ್ನ ಕಾಲನ್ನೇ ಬೈದುಕೊಳ್ಳುವ ಜಾಯಮಾನ. ನನಗೆ ತಿಳಿಯಿತು, ಈಗ ಸುಮ್ಮನಿದ್ದರೆ ಪ್ಯಾನುಗಳು ಮತ್ತೆ ಅಟ್ಟಕ್ಕೆ.

ಕನ್ನಡಕ ಏರಿಸಿ ಡಬ್ಬಿ ತಿರುಗಿಸಿದೆ. ಬಟ್ಟೆಯ ಒಳಗಿನ ಪಟ್ಟಿ ಓದದೆ ನಾನು ಯಾವ ಅಂಗಿಯನ್ನೂ ನೀರಿಗೆ ಹಾಕಿದವಳಲ್ಲ. ಇಷ್ಟು ದಿನ ಈ ಡಬ್ಬಿಯನ್ನು ಓದಿರಲಿಲ್ಲ, ನೋಡು. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಕ್ರಿಮಿ ಸಾಯಲೆಂದು ಇದನ್ನು ಮೊದಲೇ ಬಿಸಿಮಾಡಿದ್ದಾರೆ, ಆದ್ದರಿಂದ ನೊರೆ ಕಡೆಯಲು ತಕ್ಕುದಲ್ಲ. ಗಟ್ಟಿಯಾಗಿ ಓದಿದೆ. ಅಪ್ಪ ನಂಬಲಿಲ್ಲ, ಮತ್ತೆ ಓದು ಎಂದರು. ಎರಡನೆಯ ಸಲ ಪಾಠ ಒಪ್ಪಿಸುವವಳ ಹಾಗೆ ಮೇಲಿನ ಸಾಲಿನಿಂದ ಶುರು ಮಾಡಿದೆ. ತಂಪಾದ ಜಾಗದಲ್ಲಿಡಿ. ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ. ಅಲ್ಲಿಗೆ ಬಂದಾಗ ನಿಲ್ಲು ಎಂದು ಕೈಯೆತ್ತಿದರು. ಡಬ್ಬಿ ಇಸಿದುಕೊಂಡು ಸುಮ್ಮನೆ ಹಿಡಿದು ನಿಂತರು. ಅದು ತಾನಾಗಿಯೇ ಗಳಗಳ ಎನ್ನತೊಡಗಿತು.

“ನೋಡು, ಇದನ್ನ ನನ್ನಂಥವನಿಗೇ ಅಂತ ಮಾಡಿದಾರೆ. ಹಿಡಿದ್ರೆ ಸಾಕು, ಅರ್ಧ ಕೆಲಸ ಆಯ್ತು” ಎಂದರು.

ಕೈಯ ಬಗ್ಗೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು, ಗುಬ್ಬಿ. ನಾನು ನಕ್ಕೆ, ಅವರೂ ನಕ್ಕರು. ಕೇಕು ಚಪ್ಪಟೆಯಾಯಿತು. ಚಪ್ಪಟೆ ಕೇಕು ಚಹಾದಲ್ಲಿ ಚೆನ್ನಾಗಿ ಮುಳುಗುತ್ತದೆ.

ಈಗ ನನಗಿರುವ ಕಷ್ಟ ಒಂದೇ. ಸುಳ್ಳು ಹೇಳಿದ ಮೇಲೆ ಬಾಳಿಸಬೇಕಲ್ಲ! ಮನೆಯಲ್ಲಿ ಹಳದಿ ಮುಟ್ಟುವಂತಿಲ್ಲ. ಬಿಳಿ ಒಳ್ಳೆಯದೇ, ಆದರೆ ಹಳದಿಯಿಲ್ಲದ ಮೊಟ್ಟೆ ಜಗಳವಿಲ್ಲದ ಸಂಸಾರದ ಹಾಗೆ, ಸಪ್ಪೆ. ಅದಕ್ಕೇ ಬಟ್ಟೆಯ ಮೊದಲ ಗಂಟು ಮೆಷಿನ್ನಿಗೆ ಹಾಕಿ ಅಂಗಡಿಯ ಎದುರಿನ ಚಹಾದವನ ಹತ್ತಿರ ಹೋಗಿ, ಬೇಯಿಸಿದ ಮೊಟ್ಟೆ ತಿಂದು ಬಾಯಿ ಒರೆಸಿಕೊಂಡು ಬರುತ್ತೇನೆ. ಹಿಂದೆ ಕ್ಯಾಂಟೀನಿನಲ್ಲಿ ಅಪ್ಪನ ಕೈಕೆಳಗಿದ್ದವನೇ ಅವನು, ನಿನಗೆ ನೆನಪಿರಬೇಕು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಮೊದಮೊದಲು ಅವನ ಮೊಟ್ಟೆ ಬೆಂದು ಬೆಂದು ಹಳದಿಯ ಸುತ್ತ ಬೂದು ಗೆರೆ ಬಂದು ಸೀಮೆಸುಣ್ಣದಂತೆ ಉದುರುತ್ತಿತ್ತು. ಈಚೆಗೆ ಅದೇನು ಕಲಿತನೋ, ನಡುವೆ ಜೇನಿನ ಹಾಗೆ ಮೆತ್ತಗಿರುತ್ತದೆ. ಹೊಗಳಿದೆ. ಬೀದಿಯ ಕಡೆ ನೋಡಿ ನಕ್ಕ. ಪಾಪ, ಹೊಗಳಿಕೆ ಅಭ್ಯಾಸವಿಲ್ಲ.

ಇಷ್ಟೇ ಸಮಾಚಾರ. ನೀನು ಫೋನು ಮಾಡಿದಾಗ ನನ್ನ ಕೊಲೆಸ್ಟರಾಲಿನ ಯೋಗಕ್ಷೇಮ ವಿಚಾರಿಸುತ್ತಿರು, ಅಪ್ಪನಿಗೆ ಅನುಮಾನ ಬರಬಾರದು. ಕೈಯ ವಿಷಯ ಎತ್ತಬೇಡ. ಅವರೇ ಹೇಳುತ್ತಾರೆ, ಆ ಡಬ್ಬಿಯ ಜೋಕು ಹೇಳದೆ ಅವರಿಂದ ಇರಲಾಗದು. ಮೊದಲ ಸಲ ಕೇಳಿದವಳ ಹಾಗೆ ನಗು.

ಸಂಪೂರ್ಣ ಆರೋಗ್ಯವಂತೆಯಾದ,
ನಿನ್ನ ಅಮ್ಮ

ಮರೆತ ಮಾತು, ಸೋಮವಾರ ಬೆಳಗ್ಗೆ: ನಿನ್ನೆ ಇದನ್ನು ಅಂಚೆಗೆ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಇವತ್ತು ತಟ್ಟೆಯಲ್ಲಿ ಆಮ್ಲೆಟ್ಟು ಹಳದಿಯಾಗಿತ್ತು. ನಾನು ಕಣ್ಣು ಬಿಟ್ಟುಕೊಂಡು ಕೂತೆ. ಉಣ್ಣೆ ಬಟ್ಟೆ ಒಗೆಯುವುದಕ್ಕೆ ಯಾರೂ ಅಷ್ಟು ಪುಟ ಬರೆಯುವುದಿಲ್ಲ, ಮಗಳಿಗೆ ನಿಜ ಹೇಳಿರುತ್ತೀಯ, ಇನ್ನು ನಾನೊಬ್ಬ ಯಾಕೆ ನಾಟಕ ಆಡಲಿ ಎಂದರು. ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

“ಚಹಾದವನು ಮೊದಲ ದಿನವೇ ಬಂದು ಹೇಳಿದ. ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದೀಯ, ಹಾಳು ಮಾಡೋಕೆ ಮನಸ್ಸಾಗ್ಲಿಲ್ಲ. ತಿಂದ್ರೆ ತಿನ್ನಲಿ, ಮೊಟ್ಟೆನಾದ್ರೂ ಸರಿಯಾಗಿ ಬೇಯಿಸಿಕೊಡು ಅಂತ ಅವನಿಗೆ ನಾನೇ ತೋರಿಸಿಕೊಟ್ಟೆ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಸರಿ. ಹಾಲು ಕಾಯಿಸಿ ಇಟ್ಟವರು ಯಾರೆಂದು ಬೆಕ್ಕಿಗೆ ಗೊತ್ತಿರಲಿಲ್ಲ.

ಡಬ್ಬಿಯ ಬಿಳಿಗೆ ಒಂದೇ ಒಂದು ಮೊಟ್ಟೆ ಒಡೆದು ಸೇರಿಸಿದ್ದರು. ತಿನ್ನುವಾಗ ಹಲ್ಲಿಗೆ ಕರಕ್ ಎಂದಿತು. ಈ ಸಲ ನುಂಗಲಿಲ್ಲ. ತೆಗೆದು ತಟ್ಟೆಯ ಅಂಚಿಗಿಟ್ಟೆ. ಅಪ್ಪ ಬಗ್ಗಿ ನೋಡಿ, ಇವತ್ತು ಒಂದೇ ಚೂರು ಎಂದು ಹೇಳಿ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.