ಹೀರೇಕಾಯಿಯ ಹೆಸರು ಹೇಳದ ಅಜ್ಜಿಗೆ

ಮಂಡ್ಯ,
2198ನೇ ಇಸವಿ, ಹದಿಮೂರನೇ ತಿಂಗಳು, ತಾರೀಖು ಮೂವತ್ಮೂರು.

ವಿದ್ಯಾಶ್ರೀ ಅಜ್ಜಿಯವರಿಗೆ,

ನೂರೆಪ್ಪತ್ತು ವರ್ಷ ಹಿಂದೆ ಕೂತ ನಿಮಗಿನ್ನೂ ಮೂವತ್ನಾಲ್ಕು ವರ್ಷ, ಅಜ್ಜಿ ಅಂದರೆ ಸಿಟ್ಟು ಬರಬಹುದು. ಬರಲಿ, ನನಗೂ ಬಂದಿದೆ. ತಾರೀಖು ತಪ್ಪಾಗಿ ಬರೆದಿಲ್ಲ. ಬಿಸಿಲಿಗೆ ಹೊರಗೆ ಕಾಲಿಡಲಾಗದ ದಿನಗಳನ್ನೆಲ್ಲ ಸೇರಿಸಿ ಉರಿತಿಂಗಳು ಅಂತ ಬೇರೆ ಇಟ್ಟುಕೊಂಡಿದ್ದೇವೆ. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ.

ಇಲ್ಲಿ ಮಾಂಸಕ್ಕೆ ಬರವಿಲ್ಲ. ಬೀದಿಗೊಂದು ತೊಟ್ಟಿಯಲ್ಲಿ ಅದನ್ನು ಬೆಳೆಸುತ್ತಾರೆ, ಸಂಜೆ ಪಾತ್ರೆ ಹಿಡಿದು ಹೋದರೆ ಸಣ್ಣಗೆ ಕೊಚ್ಚಿ ಕೈಮ ಮಾಡಿಯೇ ಕೊಡುತ್ತಾರೆ. ತೊಟ್ಟಿಕೈಮ ಅನ್ನುತ್ತೇವೆ. ಕೆಲಸ ಮುಗಿಸಿ ಬಂದು ಅದಕ್ಕಿಷ್ಟು ಕಾರದಪುಡಿ ಹಾಕಿ ಬಾಡಿಸಿ, ಮುದ್ದೆ ಜೊತೆ ಉಂಡು ಮಲಗುತ್ತೇವೆ. ವಾರವೆಲ್ಲ ಅದೇ. ಪರದಾಟವೆಲ್ಲ ತರಕಾರಿಗೆ. ನನ್ನ ಅಮ್ಮ ಲಾವಣ್ಯಮ್ಮ ಚಿಕ್ಕವಳಿದ್ದಾಗ ರೋಗ ಬಂದು ಊರೂರಿನ ಬಳ್ಳಿಗಳೆಲ್ಲ ಒಣಗಿಹೋದವಂತೆ. ಉಳಿದ ಬೀಜಗಳನ್ನು ಕಾಯುವ ಜಾಗಕ್ಕೆ ಬೀಜಮನೆ ಅಂತ ಹೆಸರು.

ಕೇಳಿದವರಿಗೆಲ್ಲ ಬೀಜ ಕೊಡುವುದಿಲ್ಲ. ಹೀರೆ, ಸೋರೆಯಂಥ ಬಳ್ಳಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಹಿಕಾಯಿ ಬಿಡುತ್ತದೆ. ಸರಿಯಾದ ರುಚಿ ಗೊತ್ತಿಲ್ಲದವರು ಅದರ ಬೀಜವನ್ನೇ ಎತ್ತಿಟ್ಟು ತಳಿ ಕೆಡಿಸುತ್ತಾರೆ. ಅದಕ್ಕೇ ರುಚಿಸಾಕ್ಷಿ. ಮನೆಯ ಹಿರಿಯರ ಕಣ್ಣಿಗೆ ಬಟ್ಟೆ ಕಟ್ಟಿ, ಯಾವ ತರಕಾರಿ ಅಂತ ಹೇಳದೆ ಬೆಂದ ಹೋಳೊಂದನ್ನು ಬಾಯಿಗಿಡುತ್ತಾರೆ. ಏನು ಅಂತ ಹೇಳಿದರೆ ಅದರ ಬೀಜ ನಿಮ್ಮದು. ಒಂದು ಮನೆಗೆ ಒಂದೇ ಅವಕಾಶ.

ನನ್ನ ಮಗಳು ಮಿಂಚು ಬಾಲ್ಕನಿಯಲ್ಲಿ ಆಗಲೇ ಚಪ್ಪರ ಕಟ್ಟಿಕೊಂಡು ಕೂತಿದ್ದಳು. ಅಮ್ಮನನ್ನು ಕರೆದುಕೊಂಡು ಹೋದೆವು. ಹೋಳು ಬಾಯಿಗೆ ಬಿದ್ದದ್ದೇ ತಡ, ಅಮ್ಮನ ಮುಖ ಅರಳಿತು. ಗೊತ್ತು, ಚೆನ್ನಾಗಿ ಗೊತ್ತು, ಇದು ನಮ್ಮವ್ವ ಮಂಗಳವಾರ ಮಾಡುತ್ತಿದ್ದ ಕೈಮ ಅಂದಳು. ಬೀಜಮನೆಯ ರಾಚಪ್ಪಾಜಿ ಒಳ್ಳೆಯವರು, ಇನ್ನೊಂದು ಸಲ ಯೋಚನೆ ಮಾಡಿ ತಾಯಿ ಅಂದರು. ಯೋಚಿಸುವುದೇನಿದೆ, ನಾನು ತಿಂದದ್ದು ನನಗೆ ಗೊತ್ತಿಲ್ಲವಾ ಅಂತ ಅಮ್ಮ ಅವರಿಗೇ ಜೋರು ಮಾಡಿದಳು. ಬಟ್ಟೆ ಬಿಚ್ಚಿದರೆ ತಟ್ಟೆಯಲ್ಲಿ ಹೀರೇಕಾಯಿ. ಬೀಜ ಪಕ್ಕದ ಬೀದಿಯವರ ಪಾಲಾಯಿತು. ಆವತ್ತಿನಿಂದ ಅಮ್ಮ ಮೊಮ್ಮಗಳ ಮುಖ ನೋಡಿ ಮಾತಾಡುತ್ತಿಲ್ಲ.

ಅಮ್ಮನ ನಾಲಿಗೆ ತಪ್ಪಿರಲಿಲ್ಲ. ಆ ರುಚಿಗೆ ಹೀರೇಕಾಯಿ ಅಂತ ಹೆಸರಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅಷ್ಟೇ. ಹೇಳದೆ ಉಣ್ಣಿಸುವುದು ನಮ್ಮ ಮನೆಯ ಪದ್ಧತಿ, ತಲೆತಲಾಂತರದಿಂದ ಬಂದದ್ದು. ಶುರುವಾದದ್ದು ಎಲ್ಲಿಂದ ಅಂತ ಹುಡುಕಿದೆ. ನೀವು ಸಿಕ್ಕಿದಿರಿ. ನಿಮ್ಮ ವಿಡಿಯೋಗಳು ಇನ್ನೂ ಹಾಗೇ ಇವೆ, ಅಜ್ಜಿ: ಮಕ್ಕಳಿಗೆ ಗೊತ್ತೇ ಆಗದ ಹಾಗೆ ತರಕಾರಿ ತಿನ್ನಿಸುವುದು ಹೇಗೆ, ಅರ್ಧ ಗಂಟೆಯಲ್ಲಿ ರಾತ್ರಿ ಅಡುಗೆ. ಹೀರೇಕಾಯಿ ತುರಿಯುತ್ತೀರಿ, ಕ್ಯಾರೆಟ್ ತುರಿಯುತ್ತೀರಿ, ಕೈಮಕ್ಕೆ ಸುರಿದು ಕಣ್ಣು ಹೊಡೆಯುತ್ತೀರಿ. ಮಗಳು ಅನುಮಾನದಿಂದ ತಟ್ಟೆ ಕೆದಕಿದರೆ ಅದರಲ್ಲಿ ಏನೂ ಇಲ್ಲ ಪುಟ್ಟಿ, ಬರೀ ಕೈಮ ಅನ್ನುತ್ತೀರಿ. ಏನೂ ಇಲ್ಲವಂತೆ. ನೋಡನೋಡುತ್ತ ಮೈಯೆಲ್ಲ ಉರಿದುಹೋಯಿತು.

ದಿನವಿಡೀ ದುಡಿದು ಬಂದಿದ್ದಿರಿ, ರಗಳೆ ಬೇಡವಾಗಿತ್ತು, ಮಗು ನಾಲ್ಕು ತುತ್ತು ಉಂಡರೆ ಸಾಕಿತ್ತು. ನಾನೂ ತಾಯಿಯೇ, ಅಷ್ಟು ಅರ್ಥವಾಗುತ್ತದೆ. ಆದರೂ ಸಿಟ್ಟು ಇಳಿಯುತ್ತಿಲ್ಲ. ಹೊಟ್ಟೆ ತುಂಬಿಸಿ ಹೆಸರು ಕಿತ್ತುಕೊಂಡಿರಿ. ಅಂಗಡಿ ತುಂಬ ತರಕಾರಿ ಇದ್ದ ಕಾಲದಲ್ಲಿ, ಕದ್ದ ಮಾಲಿನಂತೆ ಅದನ್ನು ಬಚ್ಚಿಟ್ಟಿರಿ.

ನಮ್ಮ ಮನೆಗೆ ಇನ್ನು ಬೀಜ ಸಿಗುವುದಿಲ್ಲ. ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ ತಿಳಿಯದು. ಸೇರಿದರೆ, ಇವತ್ತು ರಾತ್ರಿ ತುರಿಯಬೇಡಿ. ದಪ್ಪ ದಪ್ಪ ಹೋಳು ಮಾಡಿ, ಕೈಮದ ಪಕ್ಕದಲ್ಲಿ ಬೇರೆಯಾಗಿ ಬಡಿಸಿ, ಮಗಳಿಗೆ ಹೆಸರು ಹೇಳಿ. ಅಳುತ್ತಾಳೆ, ಅಳಲಿ. ತಟ್ಟೆ ತಳ್ಳುತ್ತಾಳೆ, ತಳ್ಳಲಿ. ಬಾಯಿಗಿಟ್ಟು ಉಗಿದರೆ ಉಗಿಯಲಿ. ಏನನ್ನು ಉಗಿದೆ ಅಂತ ಅವಳಿಗೆ ಗೊತ್ತಿರಲಿ.

ನಿಮ್ಮ ವಂಶದವಳು,
ತುಂಗಾವತಿ