ನಕಲಲ್ಲ ಕಣೋ ಅವನು

ಮಾರ್ಚ್ ೯, ಭಾನುವಾರ

ಪ್ರೀತಿಯ ಮರಿಗೆ,

ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮುಷ್ಕರ ಹೂಡಿದೆ. ಇಂಟರ್‌ನೆಟ್ಟಿನಲ್ಲಿ ನೀನು ಏರಿಸಿ, ನೆಂಟರೆಲ್ಲ ಹೆಸರು ತುಂಬಿದ ನಮ್ಮ ವಂಶವೃಕ್ಷ ನೋಡಿ ತಿಂಗಳಾಯ್ತು, ಉತ್ತರ ಬರೆದಿಲ್ಲ. ಮುನಿಸಲ್ಲ. ಬರೆಯಲು ಕೂತಾಗಲೆಲ್ಲ ಕೈ ಹಿಂದೆ ಸರಿಯಿತು. ಫೋನು ಮಾಡೋಣವೆಂದರೆ ನೀನು ಮಧ್ಯೆ ಬಾಯಿ ಹಾಕುವವನು. ಕಾಗದದಲ್ಲಿ ಆ ಆಟ ನಡೆಯಲ್ಲ, ಓದು.

ಮೊದಲು ಶಭಾಷ್. ಆ ವೃಕ್ಷದಲ್ಲಿ ನಮ್ಮಜ್ಜಿ ಇಬ್ಬರಾಗಿದ್ದಳು. ತವರಿನ ಕಡೆಯವರು ಹಾಕಿದ ‘ಚಿಕ್ಕಿ’ ಒಬ್ಬಳು, ಗಂಡನ ಕಡೆಯವರು ಹಾಕಿದ ‘ದೊಡ್ಡವ್ವ’ ಇನ್ನೊಬ್ಬಳು. ನೀನು ಕೂಡಿಸಿ ಒಬ್ಬಳನ್ನಾಗಿ ಮಾಡಿದೆ. ಸರಿಯಾಗೇ ಮಾಡಿದೆ. ಮದುವೆಯ ದಿನ ಎರಡಾಗಿ ಸೀಳಿಸಿಕೊಂಡ ಹೆಂಗಸು, ಸತ್ತ ಮೇಲಾದರೂ ಒಂದಾದಳು. ನಮ್ಮ ಕಾರ್ಮಿಕ ಯೂನಿಯನ್ನಿನ ಹೆಂಗಸರಿಗೆ ತೋರಿಸಿದೆ. “ನಿನ್ನ ತಮ್ಮ ಒಂದೇ ಬೆರಳಲ್ಲಿ ಮಾಡಿದ್ದು ನಮಗೆ ಇಡೀ ಜನ್ಮದಲ್ಲಿ ಆಗಲಿಲ್ಲವಲ್ಲೇ!” ಎಂದು ಹೊಲಿಗೆಯವಳು ನಕ್ಕಳು.

ಆ ನಗು ಮುಗಿಯುವ ಮೊದಲೇ ಕೆಳಗೆ ನೀನು ಬರೆದದ್ದು ಕಂಡಿತು. “ಅತ್ತೆ ನನ್ನನ್ನು ಎರಡು ಸಲ ಹಾಕಿದ್ದಾಳೆ. ಅದೇ ಹೆಸರು, ಅದೇ ಅಪ್ಪ, ಅದೇ ಅಮ್ಮ, ಹುಟ್ಟಿದ ವರ್ಷ ಮಾತ್ರ ತಪ್ಪು. ನಕಲನ್ನು ನನ್ನದರಲ್ಲೇ ಕೂಡಿಸಿದೆ.”

ಅತ್ತೆಗೆ ಫೋನು ಮಾಡಿದೆ. “ನನಗೇನು ಅರಳುಮರುಳು ಅಂದುಕೊಂಡನೇನೇ ಅವನು? ಇಬ್ಬರನ್ನೂ ಎತ್ತಿ ಆಡಿಸಿದ ಕೈ ಇದು!” ಎಂದು ನಿನ್ನ ಪಾಲಿನ ಬೈಗುಳ ನನಗೆ ಕೊಟ್ಟಳು.

ಅತ್ತೆಯದು ತಪ್ಪಿಲ್ಲ ಮರಿ. ನಿನಗಿಂತ ಮೊದಲು ನಮ್ಮ ಮನೆಯಲ್ಲಿ ಇನ್ನೊಬ್ಬ ಮರಿ ಇದ್ದ. ನಿನ್ನ ಅಣ್ಣ. ಮೂರು ತುಂಬಿರಲಿಲ್ಲ. ಎಷ್ಟು ಹೊಡೆದರೂ ಎಡಗೈಯಲ್ಲೇ ಉಣ್ಣುತ್ತಿದ್ದ. ನನ್ನನ್ನು ‘ಅಕ್ಕ’ ಎನ್ನಲು ಬಾರದೆ ‘ಅತ್ತ’ ಎನ್ನುತ್ತಿದ್ದ. “ನೋಡೇ, ಅವನು ಕರೀತಿರೋದು ನನ್ನನ್ನ” ಎಂದು ಅತ್ತೆ ಜಗಳಕ್ಕೆ ಬರುತ್ತಿದ್ದಳು.

ಜ್ವರ ಏರಿದ ದಿನ ಅಮ್ಮ ಗಿರಣಿಯಲ್ಲಿದ್ದಳು. ನಾನು ಓಡಿಹೋಗಿ ಗೇಟು ಬಡಿದೆ. “ಪಾಳಿ ಮುಗೀಲಿ” ಎಂದ ಮೇಸ್ತ್ರಿ. ಪಾಳಿ ಮುಗಿಯಿತು. ಮಗುವೂ ಮುಗಿಯಿತು. ನಾನು ಧಿಕ್ಕಾರ ಕೂಗಲು ಕಲಿತದ್ದು ಯಾರ ಭಾಷಣ ಕೇಳಿಯೂ ಅಲ್ಲ, ಆ ಗೇಟಿನ ಮುಂದೆ.

ನೀನು ಹುಟ್ಟಿದಾಗ ಅಮ್ಮ ಅದೇ ಹೆಸರಿಟ್ಟಳು. “ಬೇರೆ ಹೆಸರು ನನ್ನ ಬಾಯಿಗೆ ಬರಲ್ಲ” ಅಂದಳು. “ಇಡು, ಆದರೆ ಅವನಿಗೆ ಹೇಳಬೇಡಿ. ಸತ್ತವನ ಅಂಗಿ ತೊಟ್ಟ ಹಾಗೆ ಬೆಳೀತಾನೆ” ಎಂದ ಅಪ್ಪ. ಯಾರೂ ಹೇಳಲಿಲ್ಲ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆ ಮಾತನ್ನು ನಾನು ಇನ್ನೂ ಯಾಕೆ ಕಾಯಲಿ?

ಅವನದೊಂದು ಫೋಟೋ ಇಲ್ಲ. ಗಿರಣಿಯೂ ಬಾಗಿಲು ಹಾಕಿತು. ಈ ಲೋಕದಲ್ಲಿ ಅವನದು ಅಂತ ಇದ್ದದ್ದು ಅತ್ತೆ ಹಾಕಿದ ಆ ಒಂದು ಚೌಕ. ಅದನ್ನೂ ನೀನು ನಿನ್ನ ಚೌಕದೊಳಗೆ ಸೇರಿಸಿಕೊಂಡೆ, ಪಾಪ, ತಿಳಿಯದೆ. ಬಡವರ ಮಕ್ಕಳು ಸಾಯುವುದು ಲೋಕಕ್ಕೆ ಹೊಸದಲ್ಲ. ಸತ್ತ ಮೇಲೆ ‘ನಕಲು’ ಅನ್ನಿಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೂಡಿಸಿದ್ದನ್ನು ಬಿಡಿಸುವ ಗುಂಡಿಯೂ ಇದೆಯಂತೆ, ಅತ್ತೆಯ ಮೊಮ್ಮಗಳು ಹೇಳಿದಳು. ಒತ್ತು. ಅವನನ್ನು ನಿನ್ನ ಪಕ್ಕದಲ್ಲಿ ಕೂರಿಸು. ನನಗೆ ಇಬ್ಬರು ತಮ್ಮಂದಿರು ಕಣೋ. ಒಟ್ಟಿಗೆ ನೋಡಿದ್ದೇ ಇಲ್ಲ.

ಕೋಪ ನಿನ್ನ ಮೇಲಲ್ಲ. ಹೆಂಡತಿ, ಮಕ್ಕಳ ಜೊತೆ ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಚಿಕ್ಕವನಿದ್ದಾಗ ಅಮ್ಮ ನಿನ್ನನ್ನು ಯಾವಾಗಲೂ ಎರಡು ಸಲ ಕರೆಯುತ್ತಿದ್ದಳು, ನೆನಪಿದೆಯಾ? “ಮರೀ... ಮರೀ...” “ನಾನೇನು ಕಿವುಡನಾ?” ಎಂದು ನೀನು ರೇಗುತ್ತಿದ್ದೆ, ನಾವೆಲ್ಲ ನಗುತ್ತಿದ್ದೆವು. ನೀನು ಮೊದಲನೇ ಕೂಗಿಗೇ ಓಡಿಬರುತ್ತಿದ್ದವನು. ನೀನು ಬಂದು ಸೆರಗು ಹಿಡಿದು ನಿಂತ ಮೇಲೂ ಅವಳು ಇನ್ನೊಂದು ಸಲ ಕರೆಯುತ್ತಿದ್ದಳು, ಬಾಗಿಲ ಕಡೆ ನೋಡುತ್ತ.