ದುಂಡು ಮೇಜಿನ ಬಟ್ಟೆಯೊಳಗಿಂದ

ಮಂಗಳವಾರ, ಹನ್ನೆರಡನೇ ತಾರೀಖು

ಮೇಷ್ಟ್ರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ನಿಮ್ಮ ಅಕ್ಷರ ನೋಡಿದರೇ ತಿಳಿಯುತ್ತದೆ. ಮೈಯಲ್ಲಿ ಶಕ್ತಿ ಇರುವವರು ಮಾತ್ರ ಒತ್ತಕ್ಷರಗಳನ್ನು ಕಾಗದ ಹರಿಯುವಷ್ಟು ಒತ್ತಿ ಬರೆಯಬಲ್ಲರು.

ಮಗಳನ್ನು ಕಾಡಿ ವಿಳಾಸ ತೆಗೆದುಕೊಂಡಿರಿ ಎಂದು ಗೊತ್ತಾಯಿತು. ಬೇಸರವಿಲ್ಲ. ಎಂಟು ತಿಂಗಳಲ್ಲಿ ಇದು ನಿಮ್ಮ ಮೊದಲ ಪತ್ರ. ನಾಲ್ಕು ಪುಟದಲ್ಲಿ ಮೂರು ಪುಟ ಒಂದು ಖಾಲಿ ಕುರ್ಚಿಯ ಮೇಲೆಯೇ ಇದೆ. ಶನಿವಾರ ನಿಮ್ಮ ನಿವೃತ್ತಿಯ ಸಮಾರಂಭ, ವೇದಿಕೆಯ ಮೇಲೆ ದುಂಡು ಮೇಜು, ನಿಮ್ಮ ಪಕ್ಕದಲ್ಲಿ ನನಗಾಗಿ ಇಟ್ಟ ಕುರ್ಚಿ, ಅದು ಕೊನೆಯವರೆಗೂ ಖಾಲಿ, ಇನ್ನೂರು ಜನರ ಎದುರು ನಿಮ್ಮ ತಲೆ ತಗ್ಗಿತು. ಆದರೂ ನೀವು ನನ್ನ ಮರ್ಯಾದೆ ಕಾಪಾಡಿದಿರಿ, ಕೇಳಿದವರಿಗೆಲ್ಲ ‘ಅವಳ ಇಷ್ಟದಂತೆ ಅವಳು ಬದುಕುತ್ತಿದ್ದಾಳೆ’ ಎಂದಷ್ಟೇ ಹೇಳಿದಿರಿ. ಹೀಗೆ ಬರೆದಿದ್ದೀರಿ.

ಈ ಕೊನೆಯ ಮಾತೊಂದನ್ನು ಬರೆಯದಿದ್ದರೆ ನಾನು ಉತ್ತರ ಬರೆಯುತ್ತಿರಲಿಲ್ಲ. ಆ ಮೇಜಿನ ಕಥೆಯನ್ನು ನಿಮಗೆ ಹೇಳಬೇಕು.

ನಾನು ಯಾಕೆ ಹೊರಟೆ ಎನ್ನುವುದನ್ನು ನೀವು ಮರೆತಂತಿದೆ. ಸಂತೆಯಿಂದ ಚೀಲ ಹೊತ್ತು ಬಂದವಳಿಗೆ ಕಿಟಕಿಯ ಮೂಲೆ ಬೋಳಾಗಿ ಕಂಡಿತು. ನನ್ನ ಹೊಲಿಗೆ ಮಿಷನ್ನು, ಅಮ್ಮ ತನ್ನ ಕೈಯಾರೆ ಎಣ್ಣೆ ಬಿಟ್ಟು ಒರೆಸಿ ಕೊಟ್ಟಿದ್ದನ್ನು, ನಿಮ್ಮ ಶಾಲೆಗೆ ದಾನ ಮಾಡಿಬಿಟ್ಟಿದ್ದಿರಿ. ಕೇಳಿದ್ದಕ್ಕೆ ಪೇಪರ್ ಕೆಳಗಿಳಿಸದೆ, “ಸದ್ದು ಜಾಸ್ತಿ, ಉಪಯೋಗ ಕಮ್ಮಿ. ಹೋಗ್ಲಿ ಬಿಡು,” ಅಂದಿರಿ. ಮರುದಿನ ಶಾಲೆಯಲ್ಲಿ ನಿಮ್ಮ ಹೆಸರು ಹೇಳಿ ಮಕ್ಕಳಿಂದ ಚಪ್ಪಾಳೆ ಹೊಡೆಸಿದರಂತೆ. ಮೂರನೇ ದಿನ ನಾನು ಮನೆ ಬಿಟ್ಟೆ. ನೀವು ಬಾಗಿಲಲ್ಲಿ ನಿಂತು, “ತಿಂಗಳೊಳಗೆ ವಾಪಸ್ ಬರ್ತೀಯ, ನೋಡ್ತಿರು,” ಅಂದಿರಿ. ನೋಡುತ್ತಲೇ ಇದ್ದೇನೆ.

ಈಗ ನಾನಿರುವುದು ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ. ಕೆಳಗೆ ಬೀಗದ ಕೈ ಮಾಡುವವನ ಅಂಗಡಿ, ದಿನವಿಡೀ ಅರದ ಸದ್ದು. ನನ್ನ ಮಿಷನ್ನಿನ ಸದ್ದಿಗೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮಿಷನ್ನು ಎರವಲಿನದು, ಸಭಾಭವನ ನಡೆಸುವ ಹೆಂಗಸು ಕೊಟ್ಟಿದ್ದು. ಅವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ, ನನಗಿಂತ ಚಿಕ್ಕವರಾದರೂ ನಾನೂ ಹಾಗೇ ಕರೆಯುತ್ತೇನೆ. ಮೊದಲು ಅವರ ಪರದೆಗಳ ಹರಿದ ಅಂಚು ಹೊಲಿದುಕೊಟ್ಟೆ. ಹೋದ ತಿಂಗಳು ಕರೆಸಿ ಆ ದುಂಡು ಮೇಜನ್ನು ತೋರಿಸಿದರು. ಹಲಗೆ ಚೆನ್ನಾಗಿದೆ, ಕಾಲುಗಳಿಗೆ ಮಾತ್ರ ಪಟ್ಟಿ ಹೊಡೆದು ಕಟ್ಟು ಹಾಕಿದೆ. ಕಾಲು ಕಾಣಬಾರದು, ಬಟ್ಟೆ ಸುತ್ತಲೂ ನೆಲ ಮುಟ್ಟಬೇಕು, ನೆಲದ ಮೇಲೆ ಬಿದ್ದಿರಬಾರದು. ಮಾಡ್ತೀಯಾ ಅಂದರು. ಮಾಡ್ತೀನಿ ಅಂದೆ. ದುಂಡು ಮೇಜಿಗೆ ನೆಲದವರೆಗೆ ಬಟ್ಟೆ ಹೊಲಿದಿದ್ದು ಜನ್ಮದಲ್ಲಿ ಇಲ್ಲ, ಅದನ್ನು ಅವರಿಗೆ ಹೇಳಲಿಲ್ಲ.

ಲೆಕ್ಕ ನಿಮಗೆ ಇಷ್ಟವಲ್ಲವೇ, ಕೇಳಿ. ಮೇಜಿನ ಅಡ್ಡಳತೆ ಎಪ್ಪತ್ತೆರಡು ಅಂಗುಲ. ಎತ್ತರ ಮೂವತ್ತು, ಅದು ಎರಡು ಕಡೆಗೂ. ಅಂಚು ಮಡಿಸಲು ಆ ಕಡೆ ಒಂದು, ಈ ಕಡೆ ಒಂದು. ಒಟ್ಟು ನೂರಮೂವತ್ತನಾಲ್ಕು. ಅಷ್ಟು ಅಗಲದ ಬಟ್ಟೆ ಎಲ್ಲಿದೆ? ಸಿಕ್ಕಿದ್ದು ತೊಂಬತ್ತರದು. ಎರಡು ತುಂಡು ತಂದು ಅಂಚಿಗೆ ಅಂಚು ಸೇರಿಸಿ ಹೊಲಿದು, ಹೆಮ್ಮೆಯಿಂದ ಒಯ್ದು ಮೇಜಿನ ಮೇಲೆ ಹಾಸಿದೆ. ಹೊಲಿಗೆ ನಟ್ಟನಡುವೆ, ಹೊಟ್ಟೆ ಕೊಯ್ದು ಹಾಕಿದ ಹಾಗೆ ಎದ್ದು ಕೂತಿತ್ತು. ದೊಡ್ಡಮ್ಮ ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಅಷ್ಟು ಸಾಕಾಯಿತು. ಮನೆಗೆ ತಂದು ಇಡೀ ಹೊಲಿಗೆ ಬಿಚ್ಚಿದೆ. ಬಿಚ್ಚುವಾಗ ನಿಮ್ಮ ದನಿ ಕಿವಿಯಲ್ಲಿ ಕೇಳಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನೋಡಿದ್ಯಾ, ನಾನು ಹೇಳಿರಲಿಲ್ವಾ, ಅನ್ನುವ ದನಿ.

ಆ ದನಿಯನ್ನು ಬೀಗದ ಅಂಗಡಿಯ ಅರದ ಸದ್ದಿಗೆ ಬಿಟ್ಟು ಮತ್ತೆ ಕೂತೆ. ಒಂದು ತುಂಡು ಇಡಿಯಾಗಿ ನಡುವೆ ಬರಲಿ. ಇನ್ನೊಂದನ್ನು ಉದ್ದಕ್ಕೆ ಸೀಳಿ ಎಡಕ್ಕೊಂದು ಬಲಕ್ಕೊಂದು ಸೇರಿಸೋಣ. ಆಗ ಎರಡು ಹೊಲಿಗೆಯೂ ಮೇಜಿನ ಅಂಚು ದಾಟಿ ಕೆಳಗಿಳಿಯುತ್ತವೆ, ನೆರಿಗೆಯಲ್ಲಿ ಅಡಗಿಬಿಡುತ್ತವೆ. ಇದನ್ನು ಯಾರೂ ಹೇಳಿಕೊಡಲಿಲ್ಲ ಮೇಷ್ಟ್ರೇ. ಆಮೇಲೆ ಬಟ್ಟೆಯನ್ನು ನಾಲ್ಕು ಪದರ ಮಡಿಸಿ, ಮಡಿಕೆಯ ಮೂಲೆಯಲ್ಲಿ ಹುರಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅರವತ್ತೇಳು ಅಂಗುಲ ದೂರದಲ್ಲಿ ಸೀಮೆಸುಣ್ಣ ಕಟ್ಟಿ ಎಳೆದೆ. ಕೋಣೆ ಸಾಲದೆ ಮಂಚವನ್ನು ಗೋಡೆಗೆ ನಿಲ್ಲಿಸಿದ್ದೆ. ಕತ್ತರಿಸಿ ಬಿಡಿಸಿದಾಗ ಗೋಡೆಯಿಂದ ಗೋಡೆಗೆ ಒಂದು ವೃತ್ತ. ಅದರ ನಡುವೆ ಬರಿಗಾಲಲ್ಲಿ ನಿಂತುಕೊಂಡು ಒಬ್ಬಳೇ ನಕ್ಕೆ. ನೀವು ಅದಕ್ಕೆ ತ್ರಿಜ್ಯ ಅಂತೀರಿ, ನಾನು ಹುರಿ ಅಂತೀನಿ.

ಶನಿವಾರ ಮಧ್ಯಾಹ್ನ ಬಟ್ಟೆ ಹೊತ್ತು ಭವನಕ್ಕೆ ಹೋದಾಗ ಬಾಗಿಲಲ್ಲಿ ಬೋರ್ಡು ನೋಡಿದೆ. ನಿಮ್ಮ ಹೆಸರು, ಕೆಳಗೆ ‘ಗಣಿತ ಶಿಕ್ಷಕರಿಗೆ ಬೀಳ್ಕೊಡುಗೆ’. ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಟ್ಟೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟು ಓಡಿಬಿಡೋಣ ಅನ್ನಿಸಿತು. ಆದರೆ ಅಂಚು ಇನ್ನೂ ಮಡಿಸಿರಲಿಲ್ಲ. ವೇದಿಕೆಯ ಹಲಗೆ ಒಂದು ಕಡೆ ತಗ್ಗು, ಅಲ್ಲೇ ಹಾಸಿ ಅಳತೆ ನೋಡಿ ಮಡಿಸಬೇಕಿತ್ತು. ದುಂಡಗಿನ ಅಂಚು ಹಟಮಾರಿ, ಅಗಲವಾಗಿ ಮಡಿಸಿದರೆ ಮುದುರಿಕೊಳ್ಳುತ್ತದೆ. ಅಂಗುಲಕ್ಕಿಂತ ಹೆಚ್ಚು ಕೊಡಬಾರದು. ಮಡಿಕೆ ಕಾಣುವುದು ಒಳಗಿನಿಂದ. ಅದಕ್ಕೆ ಮೇಜಿನ ಕೆಳಗೆ ನುಸುಳಿ, ಬಟ್ಟೆಯ ಒಳಗೆ ಕೂತು ಕೈಹೊಲಿಗೆ ಹಾಕುತ್ತಾ ಸುತ್ತು ಬರುತ್ತಿದ್ದೆ. ತೆಳು ಬಟ್ಟೆ, ಬೆಳಕು ಚೆನ್ನಾಗಿ ಬರುತ್ತಿತ್ತು.

ಆಗ ನೀವು ಬಂದಿರಿ. ಮೊದಲು ನಿಮ್ಮ ಚಪ್ಪಲಿಯ ಸದ್ದು, ಆಮೇಲೆ ನಿಮ್ಮ ಕೆಮ್ಮು. ಜೊತೆಗೆ ಚಿತ್ರಕಲೆಯ ಮೇಷ್ಟ್ರು.

ಅವರು ಕೇಳಿದರು, “ಮನೆಯವರು ಸಂಜೆ ಬರ್ತಾರಲ್ವಾ ಸಾರ್?”

ನೀವು ಹೇಳಿದಿರಿ, “ಎಲ್ಲಿ, ತಂಗಿ ಮನೇಲಿದಾಳೆ. ಮೈಗೆ ಹುಷಾರಿಲ್ಲ. ತಲೇನೂ ಸ್ವಲ್ಪ ಸರಿ ಇಲ್ಲ ಅನ್ನಿ. ಹೊಲಿಗೆ ಅಂತ ಒಂದು ಹುಚ್ಚು ಹತ್ತಿದೆ. ಒಂದು ಗೆರೆ ನೆಟ್ಟಗೆ ಹೊಲಿಯೋಕೆ ಬರಲ್ಲ.”

ನನಗೆ ತಂಗಿ ಇದ್ದಾಳೆ, ನಿಜ. ಅವಳ ಮನೆಯ ಹೊಸಿಲು ತುಳಿದು ಎರಡು ವರ್ಷವಾಯಿತು. ಹುಷಾರು ತಪ್ಪಿ ಮಲಗಿದ್ದು ನೆನಪಿಲ್ಲ.

ಚಿತ್ರಕಲೆಯವರಿಗೆ ಏನನ್ನಿಸಿತೋ, ಮಾತು ತಿರುಗಿಸಿದರು. ಬಟ್ಟೆ ಮುಟ್ಟಿ ನೋಡಿದರು, ಅವರ ಬೆರಳಿನ ನೆರಳು ನನ್ನ ಮೂಗಿನ ಮುಂದೆಯೇ ಇಳಿದು ಹೋಯಿತು. “ಒಳ್ಳೇ ಕೆಲಸ ಸಾರ್ ಇದು. ಎಲ್ಲಿ ಜೋಡಿಸಿದಾರೆ ಅಂತಾನೇ ಗೊತ್ತಾಗಲ್ಲ.”

ನೀವೂ ಮುಟ್ಟಿದಿರಿ. ಸುತ್ತ ಒಂದು ಸುತ್ತು ನಡೆದಿರಿ. “ಹ್ಞೂಂ. ವೃತ್ತ ಅಂದ್ರೆ ಇದು. ಯಾರೋ ಲೆಕ್ಕ ಗೊತ್ತಿರೋರೇ ಮಾಡಿದಾರೆ,” ಅಂದಿರಿ.

ಮೂವತ್ತೊಂದು ವರ್ಷದಲ್ಲಿ ನೀವು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನಿದ್ದೇನೆಂದು ತಿಳಿದಿದ್ದರೆ ಅದನ್ನೂ ಹೇಳುತ್ತಿರಲಿಲ್ಲ.

ಆಗಲೇ ಬಟ್ಟೆ ಎತ್ತಿ ಹೊರಗೆ ಬರಬಹುದಿತ್ತು. ನಿಮ್ಮ ಮುಖ ನೋಡುವ ಆಸೆ ನನಗೂ ಇತ್ತು. ಬರಲಿಲ್ಲ. ಹೆದರಿದೆ ಅಂದುಕೊಳ್ಳಬೇಡಿ, ಅಂಚಿನಲ್ಲಿ ಇನ್ನೂ ಒಂದು ಮಾರು ಹೊಲಿಯುವುದಿತ್ತು. ಎದ್ದು ನಿಮ್ಮ ಜೊತೆ ಜಗಳಕ್ಕೆ ನಿಂತರೆ ಬಟ್ಟೆ ಎಳೆದು ಅಳತೆ ಕೆಡುತ್ತಿತ್ತು. ನಿಮ್ಮ ಮಾತಿಗಾಗಿ ನನ್ನ ಕೆಲಸ ಕೆಡಿಸಿಕೊಂಡದ್ದು ಎಷ್ಟು ವರ್ಷ, ಇನ್ನು ಸಾಕು ಅನ್ನಿಸಿತು. ನೀವು ಹೋದಿರಿ, ನಾನು ಅಂಚು ಮುಗಿಸಿದೆ, ದಾರ ಕಚ್ಚಿ ಹರಿದೆ, ಹಿಂಬಾಗಿಲಿಂದ ಹೊರಟುಬಿಟ್ಟೆ.

ಆದ್ದರಿಂದ ನನ್ನ ಮರ್ಯಾದೆ ಕಾಪಾಡಿದೆ ಎಂದು ನನಗೇ ಬರೆಯಬೇಡಿ. ಕುರ್ಚಿ ಖಾಲಿ ಇತ್ತು ಎಂದು ದೂರಬೇಡಿ. ನೀವು ಮೊಣಕೈ ಊರಿ ಕೂತಿದ್ದು, ಹಾರ ಬಿಚ್ಚಿ ಇಟ್ಟಿದ್ದು, ಕಣ್ಣೊರೆಸಿಕೊಂಡು ಕೈ ಇಳಿಸಿದ್ದು ನನ್ನ ಹೊಲಿಗೆಯ ಮೇಲೆ.

ಕೊನೆಯ ಪುಟದಲ್ಲಿ ಹೊಸ ಮಿಷನ್ನು ತೆಗೆಸಿಕೊಡುತ್ತೇನೆ, ಬಂದುಬಿಡು ಎಂದಿದ್ದೀರಿ. ಬೇಡ. ನನಗೆ ಬೇಕಾಗಿದ್ದು ಮಿಷನ್ನಲ್ಲ, ಕೊಡುವ ಮುಂಚೆ ಒಂದು ಮಾತು ಕೇಳುವವರು. ಚಿತ್ರಕಲೆಯ ಮೇಷ್ಟ್ರಿಗೆ ನಿಜ ಏನೆಂದು ನೀವೇ ಹೇಳಿ. ನಾನು ಹೇಳಿದರೆ ನಿಮ್ಮ ತಲೆ ಇನ್ನೊಂದು ಸಲ ತಗ್ಗುತ್ತದೆ. ಹಾಗೂ ವಾರದೊಳಗೆ ಹೇಳದಿದ್ದರೆ ನಾನೇ ಹೇಳುತ್ತೇನೆ, ಅವರ ಮನೆಯ ದಾರಿ ನನಗೆ ಗೊತ್ತು.

ರಕ್ತದೊತ್ತಡದ ಮಾತ್ರೆ ಬಿಡಬೇಡಿ.

ಇಂತಿ,
ಲೆಕ್ಕ ಗೊತ್ತಿರುವವಳು

ಮರೆತ ಮಾತು: ಹೊರಟುಬಿಟ್ಟೆ ಎಂದು ಮೇಲೆ ಬರೆದಿದ್ದು ಪೂರ್ತಿ ನಿಜವಲ್ಲ. ನೀವಿಬ್ಬರೂ ಒಟ್ಟಿಗೆ ಹೋಗಲಿಲ್ಲ. ಚಿತ್ರಕಲೆಯವರು ಹೋದ ಮೇಲೆ ನೀವೊಬ್ಬರೇ ನಿಂತು ಸಂಜೆಯ ಭಾಷಣ ಓದಿಕೊಂಡಿರಿ. “ನಾನು ನಿಶ್ಚಿಂತೆಯಿಂದ ಪಾಠ ಮಾಡಿದ್ದು ನನ್ನ ಹೆಂಡತಿಯ ದೆಸೆಯಿಂದ. ಅದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ” ಎಂಬ ಎರಡು ಸಾಲನ್ನು ಮೂರು ಸಲ ಓದಿದಿರಿ. ಆ ಹೊತ್ತು ನನ್ನ ಸೂಜಿ ಓಡಲಿಲ್ಲ. ಸಂಜೆ ನಾನು ಭವನದ ಹಿಂದಿನ ಬಾಗಿಲಲ್ಲಿ, ಕುರ್ಚಿಗಳ ರಾಶಿಯ ಪಕ್ಕ, ಮಗಳು ಕೊಟ್ಟ ಒಳ್ಳೆಯ ಸೀರೆ ಉಟ್ಟು ನಿಂತಿದ್ದೆ. ಆ ಸಾಲು ಬರುವ ಜಾಗದಲ್ಲಿ ನೀವು ಪುಟ ಮಗುಚಿ ಮುಂದಕ್ಕೆ ಹೋದಿರಿ. ಈಗ ಆ ಹಾಳೆಯನ್ನು ಅಂಚೆಯಲ್ಲಿ ಕಳಿಸಬೇಡಿ. ಕೇಳಬೇಕಾಗಿದ್ದವಳು ನಾನಲ್ಲ, ಆ ಇನ್ನೂರು ಜನ.